ಅರವತ್ತು ಗ್ರಾಂ

ಸೆಪ್ಟೆಂಬರ್ 3, ಬುಧವಾರ, ಬೆಳಿಗ್ಗೆ 7.10

ಬಚ್ಚಲಿನ ನಲ್ಲಿ ಸರಿ ಮಾಡಿದೆ. ಹಳೇ ಚಪ್ಪಲಿಯಿಂದ ಒಂದು ವಾಷರ್ ಕತ್ತರಿಸಿ ಹಾಕಿದೆ, ಅಷ್ಟೇ. ಪ್ಲಂಬರ್ ಬಂದಿದ್ದರೆ ಅರ್ಧ ದಿನ ತಲೆ ಕೆರೆದುಕೊಂಡು ಗೋಡೆ ಒಡೆಯೋಣ ಅನ್ನುತ್ತಿದ್ದ. ಅಕ್ಕ ನೋಡಿದಳು. ಏನೂ ಹೇಳಲಿಲ್ಲ. ಅವಳ ಬಾಯಿಂದ ಹೊಗಳಿಕೆ ಬರಬೇಕಾದರೆ ಇಕ್ಕಳ ಹಾಕಿ ಎಳೆಯಬೇಕು.

ಇಪ್ಪತ್ತೆಂಟಕ್ಕೆ ಅವಳ ಬೀಳ್ಕೊಡುಗೆ. ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷ ನರ್ಸು. ಕೈಗೆ ಬಂದ ಪ್ರತಿ ಕೂಸಿಗೂ, ತಾಯಿಯನ್ನು ಕೇಳಿಕೊಂಡು, ಒಂದು ಫೋಟೋ. ಒಟ್ಟು 1,846. ಎಲ್ಲವೂ ಲ್ಯಾಪ್‌ಟಾಪಿನಲ್ಲಿ. ಒಂದೊಂದರ ಕೆಳಗೂ ತಾಯಿಯ ಹೆಸರು, ತಾರೀಖು. ಆ ದಿನ ಬಂದವರಿಗೆಲ್ಲ ಅವರವರ ಮೊದಲ ದಿನದ ಫೋಟೋ ಕೊಡುತ್ತೇನೆ ಅಂತ ಮಾತು ಕೊಟ್ಟುಬಿಟ್ಟಿದ್ದಾಳೆ. ಮುನ್ನೂರು ಮನೆಯವರು ಬರುತ್ತಾರಂತೆ. ಪ್ರಿಂಟ್ ತೆಗೆಸುವ ಕೆಲಸ ನನ್ನದು. ಇನ್ಯಾರದು?

ಅದೇ ದಿನ, ಮಧ್ಯಾಹ್ನ 12.40

ಲ್ಯಾಪ್‌ಟಾಪ್ ತೆರೆದೆ. ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ — ಅಪ್‌ಡೇಟ್ ಮಾಡಲೇ? ಮೂರು ತಿಂಗಳಿಂದ ಕೇಳುತ್ತಿದೆಯಂತೆ. ಅಕ್ಕ ದಿನಾ ‘ಆಮೇಲೆ’ ಒತ್ತುತ್ತಿದ್ದಳು. ಪಾಪ ಅನ್ನಿಸಿತು. ಮಾಡಿಕೋ ಅಂದೆ.

ನೂರರಲ್ಲಿ ಎಪ್ಪತ್ತೊಂದಕ್ಕೆ ಬಂದು ನಿಂತಿತು. ಹದಿನೈದು ನಿಮಿಷ ಮುಖ ನೋಡಿಕೊಂಡು ಕೂತೆವು, ಅದೂ ನಾನೂ. ರೇಡಿಯೋ ಇರಲಿ ಫ್ಯಾನ್ ಇರಲಿ, ನಿಂತದ್ದನ್ನು ನಾನು ಒಂದೇ ವಿದ್ಯೆಯಿಂದ ಹೊರಡಿಸಿದವನು. ಆಫ್ ಮಾಡು, ಹತ್ತು ಎಣಿಸು, ಆನ್ ಮಾಡು. ಆಫ್ ಮಾಡಬೇಡಿ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಓದಿದೆ. ಹಳ್ಳಿ ಶಾಲೆಯ ಏಳನೇ ಕ್ಲಾಸಾದರೂ ಅಷ್ಟು ಓದಬಲ್ಲೆ. ಅದು ವಿಷಯ ಗೊತ್ತಿಲ್ಲದವರಿಗೆ ಅಂತ ಬಿಟ್ಟೆ. ಬ್ಯಾಟರಿ ಸತ್ತು ಎರಡು ವರ್ಷ, ಪ್ಲಗ್ ಮೇಲೇ ಜೀವ. ಕಿತ್ತೆ. ಎಣಿಸಿದೆ. ಹಾಕಿದೆ.

ಆನ್ ಆಯಿತು. ನೋಡಿ ಮತ್ತೆ.

ಸೆಪ್ಟೆಂಬರ್ 4

ಆನ್ ಆಗಿದೆ. ಫೋಟೋ ಇಲ್ಲ.

ಇದೆ ಅಂತಲೂ ಹೇಳಬಹುದು… ಬೂದು ಬಣ್ಣದ ಚೌಕಗಳು, ಸಾಲುಸಾಲು, ಸುಣ್ಣ ಬಳಿಯದ ಗೋಡೆಯ ಹಾಗೆ. ಒತ್ತಿದರೆ — ಲೈಬ್ರರಿ ತೆರೆಯಲಾಗುತ್ತಿಲ್ಲ.

ಅಕ್ಕನ ಮಗಳಿಗೆ ಮಾತ್ರ ಹೇಳಿದೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಯಾರೇ ಬಂದರೂ ಮೊದಲು ಅವರ ಮೊಣಕೈಯ ನರ ನೋಡುತ್ತಾಳೆ. ಬೇರೆ ಎಲ್ಲಾದರೂ ಕಾಪಿ ಇದೆಯೇ ಅಂದಳು. ಇಲ್ಲ. ನಾನೇನಾದರೂ ಮಾಡಿದೆನೇ ಅಂದಳು. ನಾನು ಏನೂ ಮಾಡಲಿಲ್ಲ, ಅದೇ ಮಾಡಿಕೊಳ್ಳುತ್ತಿತ್ತು, ನಾನು ಸುಮ್ಮನೆ ಪ್ಲಗ್… ಅಲ್ಲಿಗೆ ನಿಲ್ಲಿಸಿದೆ. ಅವಳು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು.

ಅಮ್ಮನಿಗೆ ನೀನೇ ಹೇಳು ಮಾವ, ನಾನು ಊರಲ್ಲಿ ಇರಲ್ಲ ಅವತ್ತು — ಅಂದಳು.

ಸೆಪ್ಟೆಂಬರ್ 5

ಲ್ಯಾಪ್‌ಟಾಪನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕಂಪ್ಯೂಟರ್ ರಿಪೇರಿ ಅಂಗಡಿಗೆ. ಅಲ್ಲಿ ಕೂರುವುದು ಒಬ್ಬ ಹೆಂಗಸು, ಕಿವಿಯ ಮೇಲೆ ಸ್ಕ್ರೂಡ್ರೈವರ್. ಏನಾಯಿತು ಅಂದಳು. ಮೊನ್ನೆ ಕರೆಂಟ್ ಹೋಯಿತು ಅಂದೆ. ಅವತ್ತು ನಮ್ಮ ಕಡೆ ಕರೆಂಟ್ ಹೋಗಿಲ್ಲವಲ್ಲ ಅಂದಳು. ನಮ್ಮ ಮನೆಯಲ್ಲಿ ಮಾತ್ರ ಹೋಯಿತು ಅಂದೆ. ಮುಂದೆ ಕೇಳಲಿಲ್ಲ, ಬುದ್ಧಿವಂತೆ.

ಫೋಟೋಗಳು ಒಳಗೇ ಇವೆಯಂತೆ. ಯಾವುದು ಎಲ್ಲಿದೆ ಅನ್ನುವ ಪಟ್ಟಿ ಹರಿದುಹೋಗಿದೆಯಂತೆ. ಹೊಸದೇನನ್ನೂ ಹಾಕದೆ ಒಂದೊಂದನ್ನೇ ಹೆಕ್ಕಬೇಕು. ನಾಲ್ಕು ದಿನ.

ಅಕ್ಕ ಲ್ಯಾಪ್‌ಟಾಪ್ ಎಲ್ಲಿ ಅಂದಳು. ಧೂಳು ತೆಗೆಸಲು ಕೊಟ್ಟಿದ್ದೇನೆ ಅಂದೆ.

ಸೆಪ್ಟೆಂಬರ್ 9, ಸಂಜೆ

1,822 ಸಿಕ್ಕಿವೆ. ಇಪ್ಪತ್ತನಾಲ್ಕು ಹೋದವು. ಅಂಗಡಿಯಲ್ಲೇ ಕುಣಿಯುವವನಿದ್ದೆ. ಆಕೆ ಕೈ ಅಡ್ಡ ಹಿಡಿದಳು.

“ಫೋಟೋ ಬಂದಿದೆ ಅಂಕಲ್. ಹೆಸರು ಬರಲ್ಲ.”

ಹೆಸರು ಇದ್ದದ್ದು ಪಟ್ಟಿಯಲ್ಲಿ, ಫೋಟೋದ ಒಳಗಲ್ಲ. ತಾರೀಖೂ ಇಲ್ಲ, ಸಾಲೂ ಕಲಸಿಹೋಗಿದೆ. ಅಕ್ಕ ಕ್ಯಾಮೆರಾದ ಗಡಿಯಾರವನ್ನು ಒಮ್ಮೆಯೂ ಸರಿ ಇಟ್ಟಿಲ್ಲ. ಅದರ ಲೆಕ್ಕದಲ್ಲಿ ಎಲ್ಲ ಮಕ್ಕಳೂ ಜನವರಿ ಒಂದಕ್ಕೇ ಹುಟ್ಟಿವೆ.

ಒಂದರ ಪಕ್ಕ ಒಂದು ನೋಡಿದೆ. ಮುಚ್ಚಿದ ಕಣ್ಣು, ಬಿಗಿದ ಮುಷ್ಟಿ, ಯಾರ ಮೇಲೋ ಸಿಟ್ಟು. ಹೆತ್ತವರಿಗೂ ಬೇರೆ ಮಾಡಲಾಗದು. ಒಬ್ಬರ ಮಗುವನ್ನು ಇನ್ನೊಬ್ಬರ ಕೈಗೆ ಕೊಡುವುದೇ? ಇಪ್ಪತ್ತೊಂದು ವರ್ಷದಲ್ಲಿ ಅಕ್ಕ ಮಾಡದ ತಪ್ಪನ್ನು ಕೊನೇ ದಿನ ನಾನು ಮಾಡಿಸಿದ ಹಾಗೆ.

ಹೇಳಿಬಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಪ್ಲಗ್ ಸಮೇತ. ಅಕ್ಕ ಪಾತ್ರೆಗೆ ಮುಚ್ಚಳ ಹಾಕಿದಳು. ಒಲೆ ಸಣ್ಣ ಮಾಡಿದಳು.

“ಯಾಕೆ ಕಿತ್ತೆ?”

“ನಿಂತುಬಿಟ್ಟಿತ್ತು.”

“ಹೆರಿಗೇನೂ ನಡುವೆ ನಿಲ್ಲುತ್ತೆ ಕಣೋ. ನಾವು ಪ್ಲಗ್ ಕೀಳಲ್ಲ. ಕಾಯ್ತೀವಿ.”

ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸೆಪ್ಟೆಂಬರ್ 10, ಬೆಳಿಗ್ಗೆ 6

ನಾನು ಯಾರು? ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವನು. ಅದರಲ್ಲಿ ಹನ್ನೆರಡು ವರ್ಷ, ವಿಳಾಸ ಅಳಿಸಿಹೋದ ಕಾಗದಗಳ ಮೇಜು. ಮಳೆಯಲ್ಲಿ ತೊಯ್ದದ್ದು, ಇಲಿ ಕಚ್ಚಿದ್ದು, ಪ್ರೇಮದಲ್ಲಿ ಬರೆದು ಊರಿನ ಹೆಸರು ಮರೆತದ್ದು… ನೂರಕ್ಕೆ ತೊಂಬತ್ತು ಮನೆ ಮುಟ್ಟಿಸಿದ್ದೇನೆ. ಈ ಮಕ್ಕಳು ವಿಳಾಸ ಅಳಿಸಿದ ಕಾಗದಗಳು. ಬೇರೇನೂ ಅಲ್ಲ.

ಫೋಟೋಗಳನ್ನು ಮತ್ತೆ ನೋಡಿದೆ. ಕೂಸನ್ನಲ್ಲ, ಕೂಸಿನ ಸುತ್ತ. ಅಕ್ಕ ಎಲ್ಲ ಮಕ್ಕಳನ್ನೂ ಮಲಗಿಸಿ ತೆಗೆದದ್ದು ಆಸ್ಪತ್ರೆ ಮೂಲೆಗೆ ಎಸೆದ ಹಳೇ ಮುಳ್ಳಿನ ತಕ್ಕಡಿಯ ಮೇಲೆ. ತೂಗಲು ಅಲ್ಲ, ಅದರ ತಟ್ಟೆ ತೊಟ್ಟಿಲಿನ ಹಾಗಿದೆ ಅಂತ. ಕೆಳಗೆ ಡಯಲ್. ಮುಳ್ಳು ಸ್ಪಷ್ಟ! ಮತ್ತೆ, ಕೂಸಿನ ತಲೆಯ ಪಕ್ಕ ಯಾವಾಗಲೂ ಅಕ್ಕನ ಎಡಗೈ. ಕೈಗೆ ಗಡಿಯಾರ, ಎಲ್ಲವೂ ಹೆರಿಗೆಯಾದ ಅರ್ಧ ಗಂಟೆಯೊಳಗೆ ತೆಗೆದದ್ದು. ಹಿಂದೆ ಕಿಟಕಿಯ ಪರದೆ, ಮೊದಲ ವರ್ಷಗಳಲ್ಲಿ ಹಸಿರು, ಆಮೇಲೆ ಹಳದಿ.

ಅಕ್ಕ ಪ್ರತಿ ಹೆರಿಗೆಯನ್ನೂ ಬರೆದಿಟ್ಟ ನೀಲಿ ನೋಟ್‌ಬುಕ್ಕಿನಲ್ಲಿ ಏನಿದೆ? ತಾಯಿಯ ಹೆಸರು, ತಾರೀಖು, ಹೆರಿಗೆಯ ಗಂಟೆ, ವಾರ್ಡಿನ ಮೆಷಿನ್ನಿನಲ್ಲಿ ನೋಡಿದ ತೂಕ.

ತೂಕವೇ ಊರು. ಗಡಿಯಾರವೇ ಬೀದಿ. ಪರದೆಯೇ ಮನೆ ನಂಬರು.

ಇದು ಇನ್ಯಾರ ತಲೆಗಾದರೂ ಹೊಳೆಯುತ್ತಿತ್ತೇ? ಹೇಳಿ ನೋಡೋಣ.

ಸೆಪ್ಟೆಂಬರ್ 13

ಹಾಲ್‌ನಲ್ಲಿ ಚಪ್ಪಲಿ ಡಬ್ಬಗಳು, ಅರವತ್ತೆರಡು. ಇಡೀ ಬೀದಿಯ ಮನೆಗಳಿಂದ ಕೇಳಿ ತಂದದ್ದು. ನೂರು ಗ್ರಾಂಗೊಂದು ಡಬ್ಬ, ಹುಡುಗ ಹುಡುಗಿಗೆ ಬೇರೆ ಸಾಲು. ಲ್ಯಾಪ್‌ಟಾಪಿನಲ್ಲಿ ಫೋಟೋ ದೊಡ್ಡದು ಮಾಡಿ ಮುಳ್ಳು ಓದುತ್ತೇನೆ, ಗಡಿಯಾರ ಓದುತ್ತೇನೆ, ಚೀಟಿ ಬರೆದು ಡಬ್ಬಕ್ಕೆ. ಕೈ ಹಳೇ ಲಯಕ್ಕೆ ಬಂದಿದೆ. ಅಕ್ಕ ಡ್ಯೂಟಿ ಮುಗಿಸಿ ಬಂದು ನೋಟ್‌ಬುಕ್ ಓದುತ್ತಾಳೆ. ಎರಡು ಕೆಜಿ ಎಂಟುನೂರ ನಲವತ್ತು, ಹುಡುಗಿ, ನಾಲ್ಕೂ ಕಾಲು. ನಾನು ಚೀಟಿ ಎತ್ತುತ್ತೇನೆ. ಸಿಕ್ಕಿತು.

ಇವತ್ತು ಇನ್ನೂರ ಹತ್ತು. ಅಕ್ಕ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವುದಿಲ್ಲ. ಆದರೆ ಚಹಾ ಕೇಳದೆಯೇ ಬಂತು.

ಸೆಪ್ಟೆಂಬರ್ 16

ಹಸಿರು ಪರದೆಯ ಮಕ್ಕಳೆಲ್ಲ ಮನೆ ಸೇರಿದವು. ಹಳದಿ ಪರದೆಯವು ಒಂದೂ ಇಲ್ಲ. ಒಂದೂ! ಹನ್ನೊಂದು ವರ್ಷದ ಹಿಂದಿನಿಂದ ಈಚಿನವು ಎಲ್ಲ ಹಳದಿಯೇ — ಒಂಬೈನೂರಕ್ಕೂ ಹೆಚ್ಚು. ಗಂಟೆ ಕೂಡಿದರೆ ತೂಕ ಕೂಡದು, ತೂಕ ಕೂಡಿದರೆ ಗಂಟೆ ಕೂಡದು.

ವಾರ್ಡಿನ ಮೆಷಿನ್ ಕೆಟ್ಟಿರಬೇಕು ಅಂದೆ. ಅದನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಾರೆ ಅಂದಳು ಅಕ್ಕ. ಹಾಗಾದರೆ ನಿನ್ನ ಬರವಣಿಗೆ ಅಂದೆ. ಕನ್ನಡಕದ ಮೇಲಿಂದ ನೋಡಿದಳು. ನಿನ್ನ ತಕ್ಕಡಿಯೋ ಅಂದಳು.

ನಕ್ಕುಬಿಟ್ಟೆ. ಆ ತಕ್ಕಡಿಯ ಮುಳ್ಳು ಅಂಟಿಕೊಳ್ಳುತ್ತಿದೆ ಅಂತ ಅವಳೇ ಮನೆಗೆ ತಂದಾಗ ಬಿಚ್ಚಿ, ಎಣ್ಣೆ ಹಾಕಿ, ಸ್ಪ್ರಿಂಗ್ ಕೂರಿಸಿ ಕೊಟ್ಟವನು ನಾನು. ಕೂದಲೆಳೆಯಷ್ಟೂ ಸುಳ್ಳು ಹೇಳದ ತಕ್ಕಡಿ. ನೆಂಟರಿಗೆಲ್ಲ ಬಾಯಿಪಾಠ ಆ ಕಥೆ. ಅಕ್ಕನ ಮಗಳಂತೂ ನಾನು ಶುರು ಮಾಡಿದರೆ ತುಟಿ ಆಡಿಸುತ್ತಾಳೆ.

ಯಾವಾಗ ಅದು? ಹನ್ನೊಂದು ವರ್ಷ ಆಯಿತು…

ಬರೆಯುವುದು ಸಾಕು ಇವತ್ತಿಗೆ.

ಸೆಪ್ಟೆಂಬರ್ 17, ಬೆಳಿಗ್ಗೆ 10.30

1,407ನೇ ಫೋಟೋ. ಕೂಸಲ್ಲ. ಸಕ್ಕರೆ ಪೊಟ್ಟಣ.

ನಾನೇ ತೆಗೆದದ್ದು. ರಿಪೇರಿ ಮುಗಿದ ದಿನ, ಸಾಕ್ಷಿಗೆ ಇರಲಿ ಅಂತ, ಅಕ್ಕನ ಕ್ಯಾಮೆರಾದಲ್ಲಿ. ಸೀಲ್ ಒಡೆಯದ ಪೊಟ್ಟಣ, ಎರಡು ಕೆಜಿ ಅಂತ ಅಚ್ಚಾಗಿದೆ. ಅವತ್ತು ಪಕ್ಕದಲ್ಲಿ ನಿಂತು ಓರೆಯಾಗಿ ನೋಡಿದ್ದೆ, ಮುಳ್ಳು ಎರಡರ ಮೇಲೇ ಇತ್ತು. ಕ್ಯಾಮೆರಾ ಮಾತ್ರ ನೇರ ಎದುರಿನಿಂದ ನೋಡಿತ್ತು. ಎರಡು ಕೆಜಿ ಅರವತ್ತು.

ಪ್ಲಾಸ್ಟಿಕ್ಕಿನ ತೂಕ ಅನ್ನಬಹುದಿತ್ತು. ಅರವತ್ತು ಗ್ರಾಂ ಪ್ಲಾಸ್ಟಿಕ್ಕಿನಲ್ಲಿ ಲೋಟ ಮಾಡಬಹುದು.

ಒಂದು ಹಳದಿ ಪರದೆಯ ಚೀಟಿಯಿಂದ ಅರವತ್ತು ಕಳೆದು ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಸಿಕ್ಕಿತು. ಗಂಟೆಯೂ ಕೂಡಿತು. ಇನ್ನೊಂದು. ಸಿಕ್ಕಿತು.

ಅದೇ ದಿನ, 11.15

ಮನೆಯಲ್ಲಿ ನಾನೊಬ್ಬನೇ. ಸ್ಕ್ರೀನಿನ ತುಂಬ ಸಕ್ಕರೆ. ಅಳಿಸುವ ಗುಂಡಿ ಎಲ್ಲಿದೆ ಅಂತ ಈಗ ನನಗೆ ಚೆನ್ನಾಗಿ ಗೊತ್ತು. ಅರವತ್ತು ಕಳೆಯುವುದನ್ನು ನಾನೇ ಕಂಡುಹಿಡಿದೆ ಅಂತ ಹೇಳಿದರೆ ನಂಬುತ್ತಾರೆ. ಇನ್ನೊಂದು ಕಥೆಯಾಗುತ್ತದೆ, ಮೊದಲಿನದಕ್ಕಿಂತ ಒಳ್ಳೆಯದು. ತಕ್ಕಡಿ ಯಾಕೆ ಕೆಟ್ಟಿತು ಅಂದರೆ… ಹಳೇದಾಯಿತು. ಸ್ಪ್ರಿಂಗ್ ಸಡಿಲ. ಯಾರಿಗೆ ಗೊತ್ತಾಗುತ್ತದೆ?

ಪ್ಲಗ್ ಕಿತ್ತದ್ದಕ್ಕೂ ಹೀಗೇ ನಾಲ್ಕು ಸುಳ್ಳು ಹೇಳಿದೆ. ಒಂದಾದರೂ ನಿಂತಿತೇ?

ಸೆಪ್ಟೆಂಬರ್ 18

ನಿನ್ನೆ ಸಂಜೆ ತೋರಿಸಿದೆ. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಅಕ್ಕ ಪೊಟ್ಟಣ ನೋಡಿದಳು. ಮುಳ್ಳು ನೋಡಿದಳು. ನನ್ನನ್ನು ನೋಡಿದಳು.

“ಸಕ್ಕರೆ ಎರಡು ಕೆಜಿ. ಮೇಲಿನ ಅರವತ್ತು ಗ್ರಾಂ?”

“ಅದು…”

“ನಿನ್ನ ಜಂಬ ಕಣೋ. ಅದೂ ತೂಗಿದೆ ಪಾಪ, ಬಿಡದೆ.”

ನಕ್ಕಳು. ಎಂಟು ದಿನದಲ್ಲಿ ಮೊದಲ ಸಲ. ನೋಟ್‌ಬುಕ್ ಮಡಿಲಿಂದ ಜಾರಿ ಬೀಳುವ ತನಕ ನಕ್ಕಳು. ಅಕ್ಕನ ಮಗಳು ಒಳಗಿಂದ ಓಡಿ ಬಂದಳು, ಅವಳಿಗೂ ಹೇಳಿದಳು, ಮತ್ತೆ ಇಬ್ಬರೂ. ನಾನೂ ಎಷ್ಟು ಹೊತ್ತು ಮುಖ ಬಿಗಿದುಕೊಂಡಿರಲಿ?

ಆಮೇಲೆ ಮೂವರೂ ಕೂತು ಅರವತ್ತು ಕಳೆದೆವು. ತೊಂಬತ್ತು ಮಕ್ಕಳು, ಒಂದೇ ಉಸಿರಿನಲ್ಲಿ.

ಒಂದು ತಿದ್ದುಪಡಿ. ಹೋದದ್ದು ಇಪ್ಪತ್ತನಾಲ್ಕಲ್ಲ, ಇಪ್ಪತ್ತೈದು. ಸಕ್ಕರೆಯನ್ನೂ ಕೂಸೆಂದು ಎಣಿಸಿದ್ದೆ.

ಸೆಪ್ಟೆಂಬರ್ 25

ಮುಗಿಯಿತು. 1,821. ಪ್ರಿಂಟ್ ಬಂದವು, ಪ್ರತಿಯೊಂದರ ಬೆನ್ನಿಗೂ ಹೆಸರು. ಕಂಪ್ಯೂಟರ್ ಅಂಗಡಿಯಾಕೆ ಹೊಸ ಡಿಸ್ಕಿಗೆ ಕಾಪಿ ಮಾಡಿ, ಇನ್ನೊಂದಕ್ಕೂ ಮಾಡಿ, ನಮ್ಮ ಸಾಫ್ಟ್‌ವೇರ್‌ಗೂ ಇಷ್ಟು ಆಗುತ್ತಿರಲಿಲ್ಲ ಅಂದಳು. ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿಸಿಕೊಂಡೆ.

ಸಿಗದ ಇಪ್ಪತ್ತೈದಕ್ಕೆ ಅಕ್ಕ ಕೈಯಲ್ಲೇ ಕಾರ್ಡು ಬರೆಯುತ್ತಿದ್ದಾಳೆ. ತಾರೀಖು, ಗಂಟೆ, ತೂಕ, ಅತ್ತದ್ದು ಜೋರೋ ಮೆಲ್ಲಗೋ. ಅಷ್ಟೂ ಅವಳಿಗೆ ನೆನಪಿದೆ. ಅದನ್ನು ನೋಡುತ್ತ ನನಗೆ ಮಾತು ಬರಲಿಲ್ಲ. ಅಪರೂಪ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಸೆಪ್ಟೆಂಬರ್ 28, ಭಾನುವಾರ, ಸಂಜೆ 6

ಮುನ್ನೂರ ಹದಿನೇಳು ಮನೆ. ಮೇಜಿನ ಹಿಂದೆ ನಾನು, ಇಸ್ತ್ರಿ ಶರ್ಟು, ಎದುರಿಗೆ ಕ್ಯೂ. ಹೆಸರು ಹೇಳಿದರೆ ಕೈ ಡಬ್ಬಕ್ಕೆ ಹೋಗುತ್ತದೆ, ಕಣ್ಣು ನೋಡಬೇಕಾಗಿಲ್ಲ.

ಮೀಸೆ ಬಂದವನೊಬ್ಬ ಕವರ್ ತೆರೆದು ಇದು ನಾನಲ್ಲ ಅಂದ. ಒಂದು ತಪ್ಪಿದರೆ ಎಲ್ಲದರ ಮೇಲೂ ಅನುಮಾನ. ಅವನ ತಾಯಿ ಫೋಟೋ ಕಸಿದುಕೊಂಡಳು, ಅವನ ತಲೆಯನ್ನು ಹಿಡಿದು ಬಗ್ಗಿಸಿದಳು. ಕಿವಿಯ ಹಿಂದೆ ಮಚ್ಚೆ. ಫೋಟೋದಲ್ಲೂ ಕಿವಿಯ ಹಿಂದೆ ಮಚ್ಚೆ. ನೀನೇ ಕಣೋ, ಅವತ್ತೂ ಹೀಗೇ ಮುಖ ಗಂಟು ಹಾಕಿಕೊಂಡಿದ್ದೆ ಅಂದಳು. ನಾನು ಶರ್ಟಿನ ಕಾಲರ್ ಸರಿ ಮಾಡಿಕೊಂಡೆ.

ಒಂದೂ ತಪ್ಪಲಿಲ್ಲ. ಮುನ್ನೂರ ಹದಿನೇಳರಲ್ಲಿ ಒಂದೂ.

ಗೋಡೆಯ ಬೋರ್ಡಿನಲ್ಲಿ ಮಕ್ಕಳ ಸಾಲು. ಕೊನೆಯಲ್ಲಿ, ನನಗೆ ಹೇಳದೆ, ಸಕ್ಕರೆ ಪೊಟ್ಟಣ ಅಂಟಿಸಿದ್ದಾಳೆ. ಕೆಳಗೆ ಅವಳದೇ ಅಕ್ಷರ — ತಮ್ಮ, ಎರಡು ಕೆಜಿ ಅರವತ್ತು. ಜನ ಅದರ ಮುಂದೆಯೇ ಹೆಚ್ಚು ಹೊತ್ತು ನಿಂತರು. ಪ್ರತಿ ಸಲ ನಾನೇ ಹೋಗಿ ವಿವರಿಸಿದೆ.

ಮೈಕ್ ಹಿಡಿದು ಅಕ್ಕ ಡಾಕ್ಟರನ್ನು ನೆನೆದಳು, ಆಯಾಗಳನ್ನು ನೆನೆದಳು. ಮುಗಿಯಿತು ಅಂದುಕೊಂಡೆ. ಮೈಕ್ ಇಡಲು ಹೋದವಳು ಮತ್ತೆ ಎತ್ತಿಕೊಂಡಳು.

“ಕೆಡಿಸಿದ್ದೂ ನನ್ನ ತಮ್ಮ. ಕೂಡಿಸಿದ್ದೂ ನನ್ನ ತಮ್ಮನೇ.”

ಇಕ್ಕಳ ಇಲ್ಲದೆ ಬಂತು.

ಸೆಪ್ಟೆಂಬರ್ 29, ಬೆಳಿಗ್ಗೆ 8

ತಕ್ಕಡಿಯನ್ನು ಆಸ್ಪತ್ರೆಯವರು ಅಕ್ಕನಿಗೇ ಕೊಟ್ಟರು. ಹಾಲ್‌ನ ಮೇಜಿನ ಮೇಲಿದೆ. ಯಾವ ಸ್ಕ್ರೂ ಅಂತ ನೋಡಿದ ಕೂಡಲೇ ಗೊತ್ತಾಯಿತು. ಕಾಲು ಸುತ್ತು ತಿರುಗಿಸಿದರೆ ಸಾಕು. ಸ್ಕ್ರೂಡ್ರೈವರ್ ತಂದೆ. ಅಕ್ಕ ಪೇಪರಿನಿಂದ ತಲೆ ಎತ್ತದೆ, ಮುಟ್ಟಿದರೆ ನೋಡು ಅಂದಳು.

ಸರಿ. ಮುಟ್ಟಲಿಲ್ಲ. ಸುಮ್ಮನೆ ಈ ದಿನಚರಿಯನ್ನು ತಟ್ಟೆಯ ಮೇಲಿಟ್ಟೆ. ಎದುರಿಗೇ ಕೂತು ನೋಡಿದೆ, ಪಕ್ಕದಿಂದಲ್ಲ. ನಾನೂರ ಹತ್ತು. ಈಗ ಅಲ್ಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ, ಪೆನ್ನು ಒತ್ತಿದಾಗಲೆಲ್ಲ ಮುಳ್ಳು ಕುಣಿಯುತ್ತದೆ. ಅಂದರೆ ಪುಸ್ತಕ ಮುನ್ನೂರ ಐವತ್ತು. ಮಿಕ್ಕ ಅರವತ್ತು —