ದರ್ಬಾರಿನಲ್ಲಿ ಎದ್ದು ನಿಲ್ಲುವ ಮುನ್ನ

ಕಂಪ್ಲಿ
೧೨ ಜನವರಿ ೨೦೨೫

ಪ್ರೀತಿಯ ಮಗಳು ಸ್ಫೂರ್ತಿಗೆ,

ಅಪ್ಪನ ತುಂಬು ಮನಸ್ಸಿನ ಆಶೀರ್ವಾದ. ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ತಡಮಾಡಿದೆ, ಬೈಯಬೇಡ. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮವ್ವ ಸ್ಪೀಕರ್ ಹಾಕು ಎನ್ನುತ್ತಾಳೆ. ಇದು ನಮ್ಮಿಬ್ಬರಲ್ಲೇ ಇರಲಿ.

ಇಲ್ಲಿ ಎಲ್ಲರೂ ಆರಾಮ. ನಿಮ್ಮವ್ವ ಅಂತೂ ಮಗಳು ಮಿಲಿಟರಿಯಲ್ಲಿದ್ದಾಳೆಂದು ಕಂಡಕ್ಟರಿಗೆ ಹೇಳದೆ ಹೊಸಪೇಟೆ ಬಸ್ಸಿನಲ್ಲಿ ಕೂರುವುದಿಲ್ಲ. ಮೊನ್ನೆ ರೈಸ್ ಮಿಲ್ಲಿನ ಮುದುಕಪ್ಪ, "ಹುಡುಗಿ ಕೈಯಾಗ ಖರೇನ ಬಂದೂಕ ಕೊಡ್ತಾರೇನವ್ವ?" ಎಂದು ಕೇಳಿದ. "ಕೊಟ್ಟಾರ್ರಿ. ಅಕಿ ರಜಾಕ್ಕ ಬಂದಾಗರ ತೂಕ ಸರಿಯಾಗಿ ಹಾಕ್ರಿ" ಎಂದಳಂತೆ.

ಇನ್ನು ನಿನ್ನ ವಿಷಯ. ತರಬೇತಿಯಲ್ಲಿ ಡ್ರೈವಿಂಗಿಗೆ ಮೊದಲನೆಯವಳಾಗಿ ಬಂದ ನಿನ್ನನ್ನು ಬಿಟ್ಟು, ನಿನಗಿಂತ ಹಿಂದುಳಿದ ಹುಡುಗರಿಗೆಲ್ಲ ಜೀಪು ಕೊಟ್ಟಿದ್ದಾರೆ. ನಿನಗೆ ಎಂಟು ತಿಂಗಳಿಂದ ಅತಿಥಿಗಳ ಮುಂದೆ ಹೂವಿನ ತಟ್ಟೆ ಹಿಡಿಯುವ ಕೆಲಸ. ಕೇಳಿದರೆ ಸುಬೇದಾರರು, ಹೆಣ್ಣುಮಕ್ಕಳು ಅಲ್ಲೇ ಚೆಂದ ಅಂದರಂತೆ. ಓದಿ ಸಿಟ್ಟಿನಲ್ಲಿ ಚಹಾ ಕುಡಿಯುವುದನ್ನೇ ಮರೆತೆ, ನಿಮ್ಮವ್ವ ಅದಕ್ಕೂ ಬೈದಳು. ಕಂಪ್ಲಿ ಸೇತುವೆಯ ಮೇಲೆ ಭತ್ತದ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದವಳು ನೀನು. ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವನು ನಾನು.

ತಿಂಗಳ ದರ್ಬಾರಿನಲ್ಲಿ ಕರ್ನಲ್ ಸಾಹೇಬರ ಎದುರು ಯಾರು ಬೇಕಾದರೂ ಎದ್ದು ದೂರು ಹೇಳಬಹುದು. ಹೇಳಿದರೆ ಮೇಲಿನವರು ಬರೆಯುವ ವರದಿ ಕೆಟ್ಟು, ನಾಲ್ಕು ವರ್ಷ ಮುಗಿದ ಮೇಲೆ ನೌಕರಿ ಕಾಯಂ ಆಗದೇ ಹೋದೀತು ಎಂಬ ಭಯ ನಿನಗೆ. ಹಾಗೂ ಆಗಬಹುದು. ಇಪ್ಪತ್ತೆರಡು ವರ್ಷ ಸೇವೆ ಮಾಡಿದವನು ನಿನಗೆ ಸುಳ್ಳು ಹೇಳಲಾರೆ. ಆದರೂ ಎದ್ದು ನಿಲ್ಲು. ಯಾವ ದಿನ ಯಾರಿಗೆ ಜೀಪು ಕೊಟ್ಟರೆಂದು ಬರೆದಿಟ್ಟುಕೋ. ನಿನ್ನ ಬ್ಯಾರಕಿನ ಹರಿಪ್ರಿಯಾ ಸಾಕ್ಷಿ ಹೇಳುತ್ತೇನೆ ಅಂದಿದ್ದಾಳಲ್ಲ, ಅದು ಭಾಳ ಒಳ್ಳೆಯದಾಯಿತು. ಕೆಲಸ ಹೋದರೆ ಸೀದಾ ಮನೆಗೆ ಬಾ, ಇಲ್ಲಿ ಟ್ರ್ಯಾಕ್ಟರ್ ಓಡಿಸುವವರು ಸಿಗುತ್ತಿಲ್ಲ.

ಹೊಟ್ಟೆ ತುಂಬ ಉಣ್ಣು, ಗಟ್ಟಿಯಾಗಿರು. ನೂರು ವರ್ಷ ಬಾಳು.

ನಿನ್ನ ಅಪ್ಪ,
ಜಡೆಪ್ಪ, ಮಾಜಿ ಹವಾಲ್ದಾರ್

ತಾ.ಕ.: ಸಂಡೂರು ಕಡೆಯ ಬಂಡ್ರಿಯ ಹುಲಿಗೇಶ್ ನಮ್ಮ ಕಂಪನಿಯಲ್ಲಿ ಅಡುಗೆಯವನಾಗಿದ್ದ. ಜಾತಿ ತಿಳಿದ ಮೇಲೆ ನಮ್ಮ ಮೇಲಿನವನೊಬ್ಬ ಅವನನ್ನು ಅಡುಗೆಮನೆಯಿಂದ ತೆಗೆದು ಪಾಯಿಖಾನೆ ತೊಳೆಯಲು ಹಾಕಿದ. ಹುಲಿಗೇಶ್ ದರ್ಬಾರಿನಲ್ಲಿ ಎದ್ದು ಹೇಳಿದ. ಜಡೆಪ್ಪನಿಗೆ ಎಲ್ಲ ಗೊತ್ತು ಎಂದು ನನ್ನ ಕಡೆ ಕೈ ತೋರಿಸಿದ. ನನಗೆ ಬಡ್ತಿ ಬರುವುದಿತ್ತು. ಗೊತ್ತಿಲ್ಲ ಅಂದುಬಿಟ್ಟೆ. ಮಧ್ಯಾಹ್ನ ಊಟಕ್ಕೆ ಅವನೇ ನನ್ನ ಪಕ್ಕ ಬಂದು ಕೂತು, "ಇರ್ಲಿ ಬಿಡಲೇ, ಮನ್ಯಾಗ ಕೂಸು ಐತಿ ನಿನಗ" ಅಂದ. ಆ ಕೂಸು ನೀನೇ. ಹದಿನೈದು ದಿನ ನಿನಗೆ ಬರೆಯಲಾಗದ್ದು ಇದಕ್ಕೇ. ಹರಿಪ್ರಿಯಾ ಆ ಹೊತ್ತಿಗೆ ಹೆದರಿ ಸುಮ್ಮನಾದರೆ ಅವಳಿಗೆ ಬಾಯಿ ತುಂಬ ಬೈದುಬಿಡು. ಹುಲಿಗೇಶ್ ನನಗೆ ಬೈಯಲಿಲ್ಲ, ಅದನ್ನು ಇವತ್ತಿಗೂ ತಡೆದುಕೊಳ್ಳಲು ಆಗುತ್ತಿಲ್ಲ.