ನಲವತ್ತು ಮುಗಿಯುವವರೆಗೆ

ಡ್ಯಾಂಡಿನಾಂಗ್, ಮೆಲ್ಬರ್ನ್
ಜೂನ್ ೧೪

ಪ್ರೀತಿಯ ಅಮ್ಮಾ,

ಸಲಾಂ. ಮಂಡಿನೋವು ಹೇಗಿದೆ? ಬಿಸಿಲಲ್ಲಿ ಕಾಲು ಚಾಚಿ ಕೂತುಕೋ ಎಂದರೆ ನೀನು ಕೇಳುವವಳಲ್ಲ, ಬೀದಿಗೆಲ್ಲ ರೊಟ್ಟಿ ಸುಡುತ್ತಿರುತ್ತೀ. ಈ ಕಾಗದದ ಫೋಟೋ ತೆಗೆದು ತಂಗಿ ಶುಕ್ರಿಯಾಳ ಫೋನಿಗೆ ಕಳಿಸುತ್ತಿದ್ದೇನೆ, ಓದಿ ಹೇಳುತ್ತಾಳೆ. ನನ್ನ ಅಕ್ಷರ ನೋಡಿ ನಗದಿದ್ದರೆ ಸಾಕು. ಮಾತಾಡಲು ಕೂತರೆ ನೀನು "ಎಲ್ಲಾ ಚೆನ್ನಾಗಿದೆ ಮಗನೇ, ಊಟ ಮಾಡಿದ್ಯಾ?" ಎಂದು ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಚಳಿ. ಬೆಳಿಗ್ಗೆ ಕೆಲಸದಲ್ಲಿ ಟೈಲ್ಸ್ ಹಿಡಿದರೆ ಬೆರಳು ಮರಗಟ್ಟುತ್ತವೆ. ಮನೆಯಲ್ಲಿ ಜೊತೆಗಿರುವ ಬರಾತ್ ಕಾಕಾ ವಾರದಿಂದ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ಅಪ್ಪ ಹೋದರೆಂದು ನೀನು ಹೇಳಿದ ಮರುದಿನವೇ ಇಲ್ಲಿಯ ಸರ್ಕಾರದ ಟಪಾಲು ಬಂದಿತ್ತಂತೆ. ನನಗೆ ಆಶ್ರಯದ ವೀಸಾ ಇಲ್ಲ ಎಂಬ ತೀರ್ಪು. ಪಕ್ಕದ ಮನೆಯ ಹುಡುಗಿಯಿಂದ ಓದಿಸಿಕೊಂಡ ಕಾಕಾ ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟರು. ಸಾವಾದ ಮನೆಯವರ ಕಿವಿಗೆ ನಲವತ್ತು ದಿನ ಮುಗಿಯುವ ತನಕ ಇನ್ನೊಂದು ಕೆಟ್ಟ ಸುದ್ದಿ ಹಾಕಬಾರದಲ್ಲ, ನೀನಿದ್ದರೂ ಅದನ್ನೇ ಮಾಡುತ್ತಿದ್ದೆ. ನಲವತ್ತನೆಯ ದಿನ ಫಾತಿಹಾ ಓದಿ, ಹಲ್ವಾ ಹಂಚಿ, ಎಲ್ಲರೂ ಎದ್ದುಹೋದ ಮೇಲೆ ನನ್ನ ಕೈಗಿಟ್ಟು, "ಈಗ ನೋಡು ಮಗಾ, ಈಗ ನಿನ್ನೆದೆ ತಡ್ಕೊಳ್ಳತ್ತೆ" ಎಂದರು.

ಆ ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗಲು ಕೊಟ್ಟಿದ್ದು ಮೂವತ್ತೈದು ದಿನ. ನಮ್ಮ ದುಃಖ ಅವರ ಕಾನೂನಿಗಿಂತ ಐದು ದಿನ ಉದ್ದ, ಅಮ್ಮಾ. "ನನ್ನ ಬಾಳಿಗೆ ಮಣ್ಣು ಹಾಕಿಬಿಟ್ರಲ್ಲ ಕಾಕಾ!" ಎಂದು ಕೂಗಾಡಿದೆ. ಅವರು ಹಲ್ವಾದ ತಟ್ಟೆ ಹಿಡಿದೇ ನಿಂತಿದ್ದರು. "ಕಾನೂನು ಬರೆದವ್ರಿಗೂ ಅಪ್ಪ ಅಮ್ಮ ಇರ್ತಾರಲ್ವೇನೋ?" ಎಂದರು. ಆಮೇಲೆ ನನಗೇ ನಾಚಿಕೆಯಾಯಿತು.

ತಡವಾದರೂ ಸಮಯ ಕೊಡಿ ಎಂದು ಕೇಳಬಹುದು ಎಂದಿದ್ದಾರೆ ವಕೀಲೆ ಮಾರ್ಗರಿ. ಯಾಕೆ ತಡವಾಯಿತೆಂದು ನಾನೂ ಕಾಕಾನೂ ಪ್ರಮಾಣ ಮಾಡಿ ಬರೆದುಕೊಡಬೇಕು. ನ್ಯಾಯಾಧೀಶರು ಒಪ್ಪಿದರೆ ಮೇಲ್ಮನವಿ, ಒಪ್ಪದಿದ್ದರೆ ನಾನು ಕ್ವೆಟ್ಟಾಕ್ಕೆ ವಾಪಸ್. ಕಾಕಾ ಆಗಲೇ ಕೋಟು ಇಸ್ತ್ರಿ ಮಾಡಿ ತೂಗುಹಾಕಿದ್ದಾರೆ. "ತಪ್ಪು ಈ ಮುದುಕಂದೇ ಅಂತ ದಪ್ಪ ಅಕ್ಷರದಲ್ಲಿ ಬರೀರಿ" ಎಂದು ವಕೀಲೆಗೂ ಹೇಳಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಗೆ ಮಾತ್ರ ಅದರಲ್ಲಿ ನಂಬಿಕೆ ಬರುತ್ತಿಲ್ಲ.

ಶುಕ್ರಿಯಾಳಿಗೆ ನನ್ನ ಪ್ರೀತಿ. ನಿನ್ನ ಕೈಗೆ ಮುತ್ತು. ದುವಾ ಮಾಡು.

ನಿನ್ನ ಮಗ,
ಖಾದಿಮ್

ಮರೆತಿದ್ದೆ: ಅಪ್ಪ ಹೇಗೆ ತೀರಿಕೊಂಡರು ಎಂದೂ ಬರೆಯಬೇಕಂತೆ. ನೀನು ಹೇಳಿದಂತೆ ಎದೆನೋವು ಎಂದು ವಕೀಲೆಗೆ ಹೇಳಿದೆ. ಕಾಕಾ ತಲೆ ತಗ್ಗಿಸಿದರು. ಆ ವಾರ ಅಪ್ಪನ ಅಂಗಡಿಯ ಬೀದಿಯಲ್ಲಿ ನಮ್ಮವರ ಮೇಲೆ ಗುಂಡು ಹಾರಿದ್ದು ಇಲ್ಲಿ ಎಲ್ಲರಿಗೂ ಗೊತ್ತು, ನನ್ನೆದುರು ಯಾರೂ ಬಾಯಿ ಬಿಡುವುದಿಲ್ಲ. ತೀರ್ಪಿನಲ್ಲಿ ಕ್ವೆಟ್ಟಾ ಈಗ ಶಾಂತವಾಗಿದೆ ಎಂದಿದೆ. ಸೋಮವಾರ ನಾನು ಪ್ರಮಾಣ ಮಾಡಬೇಕು. ನಲವತ್ತು ಮುಗಿಯಿತು ಅಮ್ಮಾ, ಇನ್ನಾದರೂ ಹೇಳು.