ಇಪ್ಪತ್ತೆರಡು ನಿಮಿಷದ ನಿದ್ದೆ

ಮೇ 30, ಶನಿವಾರ

ಇವತ್ತು ಎರಡು ಡ್ರೈವಿಂಗ್ ಪಾಠ ಹೇಳಿಕೊಟ್ಟೆ. ಎರಡನೆಯ ಹುಡುಗಿ ಸರ್ಕಲ್ಲಿನ ನಡುವೆ ಗಾಡಿ ಆಫ್ ಮಾಡಿಕೊಂಡು ಅಳಲು ಕೂತಳು. ಹಿಂದೆ ಹಾಲಿನ ಟ್ಯಾಂಕರ್. "ಅಳೋದು ಆಮೇಲೆ, ಮೊದಲು ಕ್ಲಚ್ ಒತ್ತು" ಎಂದೆ. ಒತ್ತಿದಳು, ಪುಣ್ಯಕ್ಕೆ.

ಸಂಜೆ ಆಸ್ಗರ್ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ. ಕಾಲು ಸುಮ್ಮನಿರಬೇಕಲ್ಲ! ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. "ಬ್ರೇಕಮ್ಮಾ, ನೆಲ ತೂತಾಗತ್ತೆ ಕಣೇ" ಎಂದ. ಇಪ್ಪತ್ತೈದು ವರ್ಷದಿಂದ ಅದೇ ಹೆಸರು. ನನ್ನ ನಿಜವಾದ ಹೆಸರು ಹಿಡಿದು ದಾಗ್ನಿ ಎಂದು ಕರೆದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಮಂಗಳವಾರ ನನ್ನ, ಆಸ್ಗರನ ಮದುವೆಯ ಬೆಳ್ಳಿಹಬ್ಬ. ಪಕ್ಕದ ಮನೆ ವಿಗ್ಗೋನ ಟ್ರೇಲರ್ ತುಂಬ ಸ್ಪ್ರೂಸ್ ಮರದ ಹಸಿರು ಕೊಂಬೆ. ಊರಿನ ಪದ್ಧತಿ ಪ್ರಕಾರ ನಾವು ನೋಡಿಲ್ಲ.

ಜೂನ್ 1, ಸೋಮವಾರ, ಸಂಜೆ

ಪರದೆ ಎಳೆದು, ಟಿವಿ ಜೋರಾಗಿ ಹಾಕಿ ಕೂತಿದ್ದೇವೆ. ಹೊರಗೆ ಬೀದಿಯವರೆಲ್ಲ ಸೇರಿ ನಮ್ಮ ಬಾಗಿಲಿಗೆ ಹಸಿರು ಕಮಾನು ಕಟ್ಟುತ್ತಿದ್ದಾರೆ. ಏಣಿ ಎಳೆಯುವ ಸದ್ದು, ಸುತ್ತಿಗೆ, ನಗು. ನಮಗೆ ಕಿವಿ ಕೇಳಿಸುವುದಿಲ್ಲ ಎಂದು ಲೆಕ್ಕ. ವಿಗ್ಗೋ ಬೆರಳಿಗೇ ಹೊಡೆದುಕೊಂಡ ಅಂತ ಕಾಣುತ್ತೆ, ಎಂಥ ಬೈಗುಳ! ಆಸ್ಗರ್ ಗಂಭೀರವಾಗಿ, "ಗಾಳಿ ಜೋರಿದೆ ಇವತ್ತು" ಎಂದ. ನಕ್ಕು ಕಾಫಿ ಮೂಗಿಗೆ ಹತ್ತಿತು.

ನಾಳೆ ಅವರು ಬಂದು ಕಿಟಕಿಯ ಕೆಳಗೆ ತುತ್ತೂರಿ ಊದಿ ಹಾಡಿ ಎಬ್ಬಿಸುವ ತನಕ ಏಳುವಂತಿಲ್ಲ. ಎಚ್ಚರವಾದರೂ ನಿದ್ದೆ ಮಾಡಬೇಕು. ಹನ್ನೆರಡೂವರೆ ವರ್ಷಕ್ಕೆ ತಾಮ್ರದ ಹಬ್ಬವಾದಾಗ ಆಸ್ಗರ್ ಹೊಡೆದ ಸುಳ್ಳು ಗೊರಕೆಗೆ ವಿಗ್ಗೋಗೆ ನಗು ಬಂದು ತುತ್ತೂರಿಯೇ ಊದಲಾಗಲಿಲ್ಲ. ಈ ಸಲ ಅದಕ್ಕಿಂತ ಚೆನ್ನಾಗಿ ಮಾಡುತ್ತಾನಂತೆ.

ಜೂನ್ 3, ಬುಧವಾರ, ಆಸ್ಪತ್ರೆ

ಬರೆಯಬೇಕು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ 6.10ಕ್ಕೆ ಎಚ್ಚರವಾಯಿತು. ಆಸ್ಗರ್ ಏನೋ ಅಂದ. ಬಾಯಲ್ಲಿ ಗಂಜಿ ಇಟ್ಟುಕೊಂಡು ಮಾತಾಡಿದ ಹಾಗೆ. ನಾನು ನಕ್ಕೆ. "ಶ್... ಸುಮ್ನೆ ಮಲ್ಕೊ. ಇನ್ನೂ ಹಾಡು ಶುರುವಾಗಿಲ್ಲ" ಎಂದೆ. ಮತ್ತೆ ಏನೋ ಅಂದ. ಬಲಗೈ ಹೊದಿಕೆಯಿಂದ ಜಾರಿ ಮಂಚದಾಚೆ ನೇತಾಡಿತು. ಶುರುವಾಯಿತು ಇವನ ನಾಟಕ, ಅಂದುಕೊಂಡೆ. ನಾನೂ ಕಣ್ಣು ಮುಚ್ಚಿದೆ. ಮುಚ್ಚಿಕೊಂಡು ನಗುತ್ತಿದ್ದೆ, ದೇವರೇ.

ತುತ್ತೂರಿ. ಮೂರು ಚರಣ ಹಾಡು. ಎದ್ದು ಗೌನ್ ತೊಟ್ಟು ಕಿಟಕಿ ತೆಗೆದು ಕೈ ಬೀಸಿದೆ. ಕೆಳಗೆ ನಲವತ್ತು ಜನ, ಬುಟ್ಟಿಗಳಲ್ಲಿ ಬಿಸಿ ಬನ್ನು. "ಏಳೋ, ಸಾಕು ನಿನ್ನ ನಾಟಕ!" ಎಂದು ತಿರುಗಿದೆ. ಅರ್ಧ ಬಾಯಿ ಕೆಳಗೆ ಇಳಿದಿತ್ತು. ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಗಡಿಯಾರ 6.32.

ಕಮಾನಿನ ಕೆಳಗಿಂದ, ಬೆಳ್ಳಿ ಕಾಗದದ 25ರ ಕೆಳಗಿಂದ ಅವನನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದರು. ನಲವತ್ತು ಜನ ಬುಟ್ಟಿ ಹಿಡಿದು ನಿಂತಿದ್ದರು.

ಆಂಬುಲೆನ್ಸಿನಲ್ಲಿ ಡ್ಯೂಟಿಗಿದ್ದವಳು ಸೋಲ್ವೈ. ನನ್ನ ಹತ್ತಿರವೇ ಡ್ರೈವಿಂಗ್ ಕಲಿತವಳು, ಮೂರನೇ ಸಲಕ್ಕೆ ಪಾಸಾದವಳು. ಅವನ ಎಡತೋಳಿಗೆ ಬಿಪಿ ನೋಡುವಂಥ ಅಗಲ ಪಟ್ಟಿ ಸುತ್ತಿದಳು. "ಇದು ಒಂದು ಸಂಶೋಧನೆ, ದಾಗ್ನಿ. ಐದು ನಿಮಿಷ ತೋಳು ಬಿಗಿಯತ್ತೆ, ಐದು ನಿಮಿಷ ಸಡಿಲ. ಐದು ಸಲ. ಒಪ್ಪಿಗೆನಾ?"

"ಸ್ಟ್ರೋಕ್ ಹೊಡೆದಿರೋದು ತಲೆಗೆ. ಪಟ್ಟಿ ತೋಳಿಗಾ? ನಿನಗೇನು ತಲೆ ಕೆಟ್ಟಿದೆಯಾ?"

"ನಂಗೂ ಮೊದಲು ಹಾಗೇ ಅನ್ನಿಸ್ತು. ರಕ್ತ ಸಿಗದೆ ತೋಳು ಒದ್ದಾಡತ್ತಲ್ಲ, ಆ ಸುದ್ದಿ ಮಿದುಳಿಗೆ ಹೋಗತ್ತಂತೆ. ಕಷ್ಟ ಬಂದಿದೆ, ಗಟ್ಟಿಯಾಗಿರು ಅಂತ. ನಿಜವಾಗ್ಲೂ ಹೋಗತ್ತಾ, ಅದರಿಂದ ಉಪಯೋಗ ಇದೆಯಾ... ಅದನ್ನೇ ನೋಡ್ತಿರೋದು."

ತಲೆಯಾಡಿಸಿದೆ. ಸೇತುವೆ ದಾಟುವಾಗ ಕಾಲು ನೋಡಿಕೊಂಡೆ. ಜನ್ಮದಲ್ಲಿ ಮೊದಲ ಸಲ ಬ್ರೇಕ್ ಒತ್ತುತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತುತ್ತಿದ್ದೆ.

ಜೂನ್ 4, ಗುರುವಾರ

ಹೆಪ್ಪುಗಟ್ಟಿದ ರಕ್ತವನ್ನು ತೆಗೆದಿದ್ದಾರೆ. ತೊಡೆಯ ಸಂದಿಯಿಂದ ತಂತಿ ತೂರಿಸಿ, ಎದೆ ದಾಟಿ, ಕತ್ತು ದಾಟಿ, ಮಿದುಳಿನವರೆಗೆ! ಡಾಕ್ಟರ್ ರಗ್ನ ಅದರ ಫೋಟೋ ತೋರಿಸಿದರು. ಗೋಧಿಯಂಥ ರೈ ಕಾಳಿನಷ್ಟಿದೆ. ತೊಂಬತ್ತು ಕೆಜಿ ಗಂಡಸನ್ನು ಒಂದು ಕಾಳು ಕೆಡವಿತಲ್ಲ ಎಂದು ನೋಡುತ್ತಾ ನಿಂತೆ.

ಆಮೇಲೆ ಮಿದುಳಿನ ಚಿತ್ರ. ನಡುವೆ ಸಣ್ಣ ಕಪ್ಪು. "ಇದು ಹೋಯ್ತು, ಇನ್ನು ವಾಪಸ್ ಬರಲ್ಲ" ಎಂದರು. ಹಾಗೇ ನೇರವಾಗಿ. ಸುತ್ತ ಇನ್ನೊಂದು ದೊಡ್ಡ ಬಣ್ಣದ ಬಳೆ. "ಇಲ್ಲಿಯ ಕೋಶಗಳು ಸತ್ತಿಲ್ಲ. ರಕ್ತ ಕಡಿಮೆ ಆಯ್ತಲ್ಲ, ಕೆಲಸ ನಿಲ್ಲಿಸಿ, ಇರೋದ್ರಲ್ಲೇ ಜೀವ ಹಿಡ್ಕೊಂಡು ಬಿದ್ದುಕೊಂಡಿವೆ. ಹೊರಗಿಂದ ನೋಡಿದ್ರೆ ಸತ್ತ ಹಾಗೇ. ಮಾತಿಲ್ಲ, ಕೈ ಆಡಲ್ಲ. ಆದ್ರೆ ಒಳಗೆ ಜೀವ ಇದೆ. ರಕ್ತ ಬರೋದನ್ನೇ ಕಾಯ್ತಿದ್ವು. ಈಗ ಬಂದಿದೆ. ಎಷ್ಟು ಏಳ್ತಾವೋ ನೋಡ್ಬೇಕು."

ಎಚ್ಚರವಿದ್ದೂ ನಿದ್ದೆ ಮಾಡುತ್ತಿವೆ! ಅಷ್ಟೂ ಕೋಶಗಳು ಅವನ ತಲೆಯೊಳಗೆ, ನಾವು ಹಾಸಿಗೆಯಲ್ಲಿ ಮಲಗಿದ್ದ ಹಾಗೆ, ಕಣ್ಣು ಮುಚ್ಚಿಕೊಂಡು ಯಾರಾದರೂ ಬಂದು ಎಬ್ಬಿಸಲಿ ಎಂದು ಕಾದಿದ್ದವು. ಇದನ್ನೆಲ್ಲ ಯಾರು ಕಲಿಸಿದರು ಅವಕ್ಕೆ?

ಇಪ್ಪತ್ತೆರಡು ನಿಮಿಷದ ಮಾತು ಹೇಳಿದೆ. ನಿಮಿಷಕ್ಕೆ ಎಷ್ಟು ಕೋಶ ಸಾಯುತ್ತವೆ ಎಂದು ಕೇಳಿದೆ. ಹೇಳದೇ ತಪ್ಪಿಸಿಕೊಳ್ಳಲು ನೋಡಿದರು. ಬಿಡಲಿಲ್ಲ ನಾನು. ಸರಾಸರಿ ಹತ್ತೊಂಬತ್ತು ಲಕ್ಷ ಅಂತಾರೆ, ಎಂದರು. ಕಾರಿಡಾರಿನಲ್ಲಿ ಗುಣಿಸಿದೆ. ನಾಲ್ಕು ಕೋಟಿ ಹದಿನೆಂಟು ಲಕ್ಷ. ನಾನು ನಗುತ್ತಾ ಮಲಗಿದ್ದಾಗ.

"ಆ ನಿಮಿಷಗಳು ಹೋದವು, ದಾಗ್ನಿ. ಇಲ್ಲ ಅನ್ನಲ್ಲ ನಾನು" ಎಂದರು ರಗ್ನ. "ಉಳಿದಿರೋದನ್ನ ಕಾಯೋಣ ಈಗ. ಸಕ್ಕರೆ ಏರಬಾರದು, ಜ್ವರ ಬರಬಾರದು, ಬಿಪಿ ಹದವಾಗಿರಬೇಕು. ಕಾವಲು ಅಂದ್ರೆ ಇಷ್ಟೇ. ಸಣ್ಣ ಸಣ್ಣ ಕೆಲಸ."

ಜೂನ್ 7, ಭಾನುವಾರ

ಒಂದೇ ಒಂದು ಮಾತು ಬಂದಿದೆ. "ಐದು."

ನೀರು ಬೇಕಾ? ಐದು. ನೋವಿದೆಯಾ? ಐದು. ನಾನ್ಯಾರು ಹೇಳು? ಬಹಳ ಹೊತ್ತು ನೋಡಿದ. ಹಣೆ ಬೆವರಿತು. "...ಐದು."

ಮೂವತ್ತು ವರ್ಷ ಫೆರಿ ದೋಣಿ ನಡೆಸಿದವನು. ಈ ದಡದಿಂದ ಆಚೆ ದಡಕ್ಕೆ ಐದು ನಿಮಿಷ, ವಾಪಸು ಐದು. ಈಗ ತೋಳಿನ ಪಟ್ಟಿಯೂ ದಿನಕ್ಕೆ ಎರಡು ಹೊತ್ತು ಅದೇ ತಾಳದಲ್ಲಿ. ಐದು ನಿಮಿಷ ಬಿಗಿ, ಐದು ನಿಮಿಷ ಸಡಿಲ. ಅವನು ಕಣ್ಣು ಮುಚ್ಚಿ ಮಲಗುತ್ತಾನೆ. ಆಚೆ ದಡಕ್ಕೆ ಹೋಗಿ ಬರುತ್ತಿದ್ದಾನೆ ಅನ್ನಿಸುತ್ತದೆ ನನಗೆ.

ಇವತ್ತು ಹೊಸ ವಿಷಯ ತಿಳಿಯಿತು. ಅರ್ಧ ಜನರಿಗೆ ನಿಜವಾದ ಬಿಗಿತ, ಇನ್ನರ್ಧ ಜನರಿಗೆ ಬರೀ ಸೋಗು, ಪಟ್ಟಿ ಬಿಗಿದಂತೆ ಮಾಡಿ ಬಿಡುತ್ತದೆ. ಯಾರಿಗೆ ಯಾವುದು ಎಂದು ರಗ್ನಗೂ ಗೊತ್ತಿಲ್ಲ. ಸಂಶೋಧನೆ ಮುಗಿಯುವ ತನಕ ಯಾರಿಗೂ ಹೇಳುವುದಿಲ್ಲ. ಎಲ್ಲರೂ ಸೇರಿ ಗೊತ್ತಿಲ್ಲದಂತಿರುವುದು... ನಮ್ಮೂರಿನ ಪದ್ಧತಿಯೇ!

ನರ್ಸ್ ಆಚೆ ಹೋದಾಗ ಪಟ್ಟಿಯ ಕೆಳಗೆ ಮೆಲ್ಲಗೆ ಬೆರಳು ತೂರಿಸಲು ಹೋದೆ. ಬಿಗಿ ಎಷ್ಟಿದೆ ನೋಡೋಣ ಎಂದು. ತಕ್ಷಣ ಎಡಗೈ ಕೊಡವಿ ನನ್ನ ಬೆರಳನ್ನು ಆಚೆ ತಳ್ಳಿದ. ಕಣ್ಣಲ್ಲೇ ಗದರಿಸಿದ. "ಐದು!" ಫೆರಿಗೆ ಹಗ್ಗ ಕಟ್ಟುವ ಮೊದಲೇ ಜಿಗಿಯುವವರನ್ನು ಬೈಯುವ ಅದೇ ದನಿ. ಅಯ್ಯೋ, ಒಳಗಿದ್ದಾನೆ ಇವನು! ಆಸ್ಗರ್ ಒಳಗೇ ಇದ್ದಾನೆ!

ಜೂನ್ 12, ಶುಕ್ರವಾರ

ವಿಗ್ಗೋ ಬಂದಿದ್ದ. ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ಕೂತ, ಕುಡಿಯಲಿಲ್ಲ.

"ಆರು ಗಂಟೆಗೇ ಊದಬೇಕಿತ್ತು ನಾನು" ಎಂದ. "ಬನ್ನು ಬೆಂದಿಲ್ಲ ಅಂತ ಅರ್ಧ ಗಂಟೆ ಎಲ್ಲರನ್ನೂ ನಿಲ್ಲಿಸಿದೆ. ದರಿದ್ರ ಬನ್ನು! ಆರಕ್ಕೇ ಎಬ್ಬಿಸಿದ್ರೆ..."

ಹತ್ತು ದಿನದಿಂದ ತಪ್ಪೆಲ್ಲ ನನ್ನದೊಬ್ಬಳದೇ ಎಂದುಕೊಂಡಿದ್ದೆ. ಬೀದಿಯಲ್ಲಿ ಇನ್ನೊಬ್ಬನೂ ಅದನ್ನೇ ಹೊತ್ತು ತಿರುಗುತ್ತಿದ್ದ. "ಪಕ್ಕದಲ್ಲೇ ಮಲಗಿದ್ದವಳು ನಾನು ಕಣೋ, ಬನ್ನಿಗ್ಯಾಕೆ ಬೈತೀಯ" ಎಂದೆ. ಇಬ್ಬರೂ ಅತ್ತೆವು. ಅಡುಗೆಯವಳು ಸುಮ್ಮನೆ ಎರಡು ತುಂಡು ಕೇಕ್ ತಂದಿಟ್ಟು ಹೋದಳು.

ಕಮಾನು ಇನ್ನೂ ಹಾಗೇ ಇದೆಯಂತೆ. ಕಟ್ಟಿದವರನ್ನು ದಂಪತಿ ಕರೆದು ಬಿಯರ್ ಕೊಡುವವರೆಗೆ ಬಿಚ್ಚುವಂತಿಲ್ಲವಲ್ಲ. ಬಿಚ್ಚಲು ಯಾರಿಗೂ ಧೈರ್ಯವೂ ಇಲ್ಲ.

ಜೂನ್ 29, ಸೋಮವಾರ, ಮನೆ

ಮನೆಗೆ ಬಂದೆವು. ಕೋಲೂರಿಕೊಂಡು, ಬಲಗಾಲು ಎಳೆಯುತ್ತಾ, ಕಂದು ತಿರುಗಿದ ಕಮಾನಿನ ಕೆಳಗೆ. ಒಣ ಎಲೆ ಅವನ ತಲೆಯ ಮೇಲೆ ಸುರಿಯಿತು. ನಿಂತು ಮೇಲೆ ನೋಡಿದ. 25ರಲ್ಲಿ 2 ಉದುರಿಹೋಗಿದೆ. "ಐದು" ಎಂದು ಓದಿದ! ಸರಿಯಾಗಿ ಓದಿದ! ಬಾಗಿಲಲ್ಲೇ ಕುಣಿದೆ ನಾನು, ಐವತ್ತೆಂಟರ ಮುದುಕಿ.

ಹದಿನಾಲ್ಕು ಮಾತು ಬಂದಿವೆ. ಇಲ್ಲ. ಹೌದು. ಕಾಫಿ. ಗಾಳಿ. ಥತ್. ದಿನಕ್ಕೊಂದು ಎಲ್ಲಿಂದಲೋ ಎದ್ದು ಬರುತ್ತದೆ. ಬಲಗೈಯ ಎರಡು ಬೆರಳು ಕಪ್ಪಿನ ಹಿಡಿಯನ್ನು ಹಿಡಿಯುತ್ತವೆ. ಮೊನ್ನೆ ಹಿಡಿಯುತ್ತಿರಲಿಲ್ಲ. ನನ್ನ ಹೆಸರು ಮಾತ್ರ ಇಲ್ಲ. ಎರಡು ಹೆಸರೂ ಇಲ್ಲ. ಮಿದುಳಿನ ಆ ಕಪ್ಪು ಕಲೆಯೊಳಗೆ ಹೋಯಿತೋ, ಸುತ್ತಲಿನ ಬಳೆಯಲ್ಲಿ ಮಲಗಿದೆಯೋ... ಯಾರನ್ನು ಕೇಳಲಿ.

ಊಟ ಆದ ಮೇಲೆ ಹೇಳಿಬಿಟ್ಟೆ. "ಆವತ್ತು ನೀನು ನಾಟಕ ಮಾಡ್ತಿದ್ದೀಯ ಅಂದ್ಕೊಂಡೆ. ಇಪ್ಪತ್ತೆರಡು ನಿಮಿಷ. ನೀನು ಕರೀತಾ ಇದ್ದೆ, ನಾನು ಸುಮ್ನಿರು ಅಂದೆ."

ಮಾತು ಹುಡುಕಿದ, ಸಿಗಲಿಲ್ಲ. ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಕೋಪ ಬಂತು ಅಂದುಕೊಂಡೆ. ಅಷ್ಟರಲ್ಲಿ ಶುರುವಾಯಿತು ಗೊರಕೆ. ದೊಡ್ಡದು, ಶುದ್ಧ ಸುಳ್ಳು, ತಾಮ್ರದ ಹಬ್ಬದ ಗೊರಕೆ! ಒಂದು ಕಣ್ಣು ಅರೆ ತೆರೆದು ನಾನು ನಗುತ್ತೇನಾ ಎಂದು ನೋಡಿದ. ನಕ್ಕೆ, ಅತ್ತೆ, ಅವನ ಮಂಡಿಗೆ ಮುಖ ಒತ್ತಿಕೊಂಡು ಕೂತೆ. ಬಲಗೈಯ ಆ ಎರಡು ಬೆರಳು ತಲೆಯ ಮೇಲೆ ಬಂದು ಕೂತವು.

ಜುಲೈ 11, ಶನಿವಾರ

ಮೂವತ್ತೊಂದು ಮಾತು. ಹೆಸರು ಇಲ್ಲ.

ವಿಗ್ಗೋಗೆ ಬಿಯರ್ ಕೊಟ್ಟು ಕಮಾನು ಬಿಚ್ಚಿಸೋಣ ಎಂದೆ. "ಇಲ್ಲ" ಎಂದ ಆಸ್ಗರ್. ಕೋಲು ನೆಲಕ್ಕೆ ಕುಟ್ಟಿ, "ಇಲ್ಲ." ಅಷ್ಟು ಒಣಗಿದ್ದು ಮನೆಗೆ ಶೋಭೆಯೇ? ಏನಾದರೂ ಮಾಡಿಕೊಳ್ಳಿ.

ಆಸ್ಗರ್, ವಿಗ್ಗೋ ಇಬ್ಬರೂ ಶೆಡ್ಡಿನಲ್ಲಿ ದಿನಾ ಒಂದು ಗಂಟೆ ಕೂರುತ್ತಾರೆ. ಇವತ್ತು ಕುಂಟೆ ತರಲು ಹೋದರೆ ಗಪ್ಪೆಂದು ಸುಮ್ಮನಾದರು. ವಿಗ್ಗೋ ಕೆಮ್ಮಿದ. ಮೂಲೆಯಲ್ಲಿ ಹಸಿ ಸ್ಪ್ರೂಸ್ ಕೊಂಬೆಗಳ ರಾಶಿ, ಮೇಲೊಂದು ತಾಡಪಾಲು. ನಾನು ನೋಡಿಲ್ಲ.

ಜುಲೈ 14, ಮಂಗಳವಾರ, ಬೆಳಿಗ್ಗೆ 6.10

ಎಚ್ಚರವಾಯಿತು. ಅವನ ಜಾಗ ಖಾಲಿ. ಆಮೇಲೆ ಕೋಲಿನ ಸದ್ದು ಕೇಳಿತು, ಹಜಾರದಲ್ಲಿ.

ಕಿಟಕಿಯ ಹೊರಗೆ ಜಲ್ಲಿಯ ಮೇಲೆ ಕಾಲುಗಳ ಸದ್ದು. ಎಷ್ಟೋ ಕಾಲುಗಳು. ಯಾರೋ "ಶ್" ಎಂದರು. ಬಿಸಿ ಬನ್ನಿನ ವಾಸನೆ. ಹೊದಿಕೆಯೊಳಗೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ತುತ್ತೂರಿ ಇಲ್ಲ. ಯಾಕೆ ಊದುತ್ತಿಲ್ಲ? ಎಲ್ಲರೂ ಏನನ್ನೋ ಕಾಯುತ್ತಿದ್ದಾರೆ.

ಕೋಲು ಬಾಗಿಲ ಹತ್ತಿರ ಬಂದು ನಿಂತಿತು. ಆಚೆಯಿಂದ ಪಿಸುದನಿ. ಒಬ್ಬನೇ ಹೇಳಿಕೊಳ್ಳುತ್ತಿದ್ದಾನೆ, ಪಾಠ ಒಪ್ಪಿಸುವ ಮಗುವಿನ ಹಾಗೆ. "ಬ್ರೇ..." ನಿಂತ. "ಬ್ರೇ... ಬ್ರೇಕ..." ಥತ್, ಎಂದ. ಮತ್ತೆ ಮೊದಲಿಂದ.

ಕೂಗಬೇಕು ಅನ್ನಿಸುತ್ತಿದೆ. ಕೂಗಬಾರದು. ಎಬ್ಬಿಸುವವರು ಬರುವ ತನಕ ಏಳುವಂತಿಲ್ಲ.

ಹಿಡಿಕೆ ತಿರುಗುತ್ತಿದೆ. ಬಲಗೈಯಲ್ಲೇ ತಿರುಗಿಸುತ್ತಿರಬೇಕು, ಅದಕ್ಕೇ ಇಷ್ಟು ನಿಧಾನ. ಪುಸ್ತಕ ದಿಂಬಿನ ಕೆಳಗೆ. ಕಣ್ಣು ಮುಚ್ಚಬೇಕು, ನಾನೀಗ ನಿದ್ದೆ